ಬೆನ್ನ ಮೇಲಿನ ದಾರಿ

ನಮ್ಮ ದರ್ಜಿ ಮಾಸ್ಟರಿಗೆ ಸೈಕಲ್ ಹತ್ತಲು ಬರುತ್ತಿತ್ತು. ತುಳಿಯಲೂ ಬರುತ್ತಿತ್ತು, ಸುಳ್ಳು ಹೇಳಬಾರದು. ಇಳಿಯಲು ಮಾತ್ರ ಬರುತ್ತಿರಲಿಲ್ಲ. ಗೋಡೆ, ದೀಪದ ಕಂಬ, ಪರಿಚಯದವರ ಹೆಗಲು, ಯಾವುದಾದರೂ ಕೈಗೆ ಸಿಕ್ಕರೆ ಹಿಡಿದು ನಿಲ್ಲುತ್ತಿದ್ದರು. ಸಿಗದಿದ್ದರೆ ಸಿಗುವ ತನಕ ಹೋಗುತ್ತಲೇ ಇರುತ್ತಿದ್ದರು. ಒಮ್ಮೆ ದಾರದ ಉಂಡೆ ತರಲು ಹೊರಟವರು ಊರಾಚೆಯ ಆಸ್ಪತ್ರೆಯ ಗೇಟು ಹಿಡಿದು ನಿಂತಿದ್ದರು. ಅಲ್ಲಿಯವರು ಮುಖ ನೋಡಿ ಗಾಬರಿಯಾಗಿ, ಒಳಗೆ ಮಲಗಿಸಿ, ರಕ್ತದೊತ್ತಡ ಪರೀಕ್ಷಿಸಿ ಕಳಿಸಿದರು. ಇಂಥವರನ್ನು ಪುರಸಭೆಯವರು ಸೈಕಲ್ ಯಾನದ ಮುಂದಾಳು ಮಾಡಿದರು ಎಂದರೆ ತಪ್ಪು ಪುರಸಭೆಯದಲ್ಲ. ಮಾಸ್ಟರದೂ ಪೂರ್ತಿ ಅಲ್ಲ. ತಪ್ಪೆಲ್ಲ ಒಂದು ಚಡ್ಡಿಯದು.

ಮಾಸ್ಟರ ಅಂಗಡಿ ಔಷಧಿ ಅಂಗಡಿಯ ಪಕ್ಕದಲ್ಲಿ, ಎರಡು ಮೆಟ್ಟಿಲ ಮೇಲೆ. ಒಂದು ಹೊಲಿಗೆ ಮಿಷಿನ್ನು, ಒಂದು ಕತ್ತರಿಸುವ ಮೇಜು, ಗಿರಾಕಿಗಳಿಗೊಂದು ಬೆಂಚು, ಕೆಳಗಿನ ತುದಿ ಒಡೆದ ನಿಲುಗನ್ನಡಿ. ಪ್ಯಾಂಟು ಮೊಣಕಾಲಿನ ಕೆಳಗೆ ಹೇಗೆ ಬಂದಿದೆ ಎಂಬುದು ಆ ಕನ್ನಡಿಯಲ್ಲಿ ಗಿರಾಕಿಗೆ ಕಾಣುತ್ತಿರಲಿಲ್ಲ. ಇದರಿಂದ ಅಂಗಡಿಗೆ ಎಷ್ಟೋ ಸಲ ಉಪಕಾರವಾಗಿತ್ತು. ಬಾಗಿಲ ಬಳಿ ಬೆಳಕಿಗೆ ಕುಳಿತು ಮಾಸ್ಟರ ಹೆಂಡತಿ ಕಾಜಾ ಮಾಡಿ ಗುಂಡಿ ಹಚ್ಚುತ್ತಿದ್ದಳು.

ಆದರೆ ಗುಂಡಿ ಹಚ್ಚಲು ಅಂಗಿಗಳೇ ಇಲ್ಲದಂತಾಗಿತ್ತು. ಊರಿಗೆ ಊರೇ ರೆಡಿಮೇಡಿನ ಹಿಂದೆ ಬಿದ್ದಿತ್ತು, ಮತ್ತು ಊರಿನ ಅತಿ ದೊಡ್ಡ ರೆಡಿಮೇಡ್ ಅಂಗಡಿ ಮಾಸ್ಟರ ಷಡ್ಡಕರದು, ಅಂದರೆ ಹೆಂಡತಿಯ ಅಕ್ಕನ ಗಂಡನದು. ಷಡ್ಡಕರು ಕೆಟ್ಟವರಲ್ಲ. ಉಪಕಾರ ಮಾಡುವ ಚಟ ಇದ್ದವರು. "ಬಾಗಿಲು ಹಾಕಿಬಿಡಯ್ಯಾ. ಒಂದನೇ ತಾರೀಕಿನಿಂದ ನಮ್ಮಲ್ಲಿಗೆ ಬಾ. ಮೆಟ್ಟಿಲ ಕೆಳಗೆ ಜಾಗ ಇದೆ, ಒಂದು ಸ್ಟೂಲ್ ಹಾಕಿಸ್ತೀನಿ. ಗಿರಾಕಿಗಳ ಪ್ಯಾಂಟಿನ ಕಾಲು ಮಡಚಿ ಕೊಟ್ಕೊಂಡು ಇರು," ಎಂದು ಮೂರು ಸಲ ಹೇಳಿದ್ದರು. ಮಾಸ್ಟರು ಮೂರು ಸಲವೂ "ಯೋಚನೆ ಮಾಡ್ತೀನಿ ಅಣ್ಣ" ಎಂದಿದ್ದರು. ಅವರು ಬೋರ್ಡು ಬರೆಸಿ ಕುಳಿತ ಅಂಗಡಿ ಅದು. ಅದನ್ನು ಮುಚ್ಚುವ ಮಾತು ಬಂದಾಗಲೆಲ್ಲ ಅವರು ಹೊರಗೆ ಹೋಗಿ ಬೋರ್ಡಿನ ಧೂಳು ಒರೆಸಿ ಬರುತ್ತಿದ್ದರು. ಆದರೆ ಬೋರ್ಡು ಒರೆಸಿದರೆ ಗಿರಾಕಿ ಬರುವುದಿಲ್ಲವಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ದಪ್ಪ ಚಕ್ರದ ಸೈಕಲ್ಲಿನಲ್ಲಿ ಒಬ್ಬ ಪರಸ್ಥಳದವನು ಬಂದ. ಹುಬ್ಬಿನ ತನಕ ಧೂಳು. ನದಿ ಕಣಿವೆಯ ಜಲ್ಲಿ ದಾರಿಯಲ್ಲಿ ಬಿದ್ದು ಅವನ ಚಡ್ಡಿ ಹರಿದಿತ್ತು. ಕೂರುವ ಕಡೆ ಮೆತ್ತೆ ಇಟ್ಟು ಹೊಲಿದ ಅಂಥ ಚಡ್ಡಿಯನ್ನು ಮಾಸ್ಟರು ಜನ್ಮದಲ್ಲಿ ಕಂಡಿರಲಿಲ್ಲ. "ಇಂಥದೇ ಒಂದು ಹೊಲಿದು ಕೊಡ್ತೀರಾ? ಸಂಜೆ ಬರ್ತೀನಿ," ಎಂದ ಅವನು. ಅಳತೆ ಕೊಡುವಾಗ ಕಣಿವೆಯ ವರ್ಣನೆಯನ್ನೂ ಕೊಟ್ಟ. ಕಾವಲು ಗೋಪುರವಂತೆ, ಕಲ್ಲು ಸೇತುವೆಯಂತೆ, ಹಾಳುಬಿದ್ದ ಗಿರಣಿಯಂತೆ. ಸೈಕಲ್ಲನ್ನು ಅಂಗಡಿಯ ಗೋಡೆಗೆ ಒರಗಿಸಿ ಮಲಗಲು ಹೋದ.

ಮಧ್ಯಾಹ್ನಕ್ಕೆ ಚಡ್ಡಿ ತಯಾರಾಯಿತು. ಮೆತ್ತೆ ಸರಿಯಾದ ಜಾಗದಲ್ಲಿ ಕೂತಿದೆಯೋ ಇಲ್ಲವೋ ಕೂತೇ ನೋಡಬೇಕಲ್ಲ. ಗಿರಾಕಿಯದೂ ಮಾಸ್ಟರದೂ ಸೊಂಟ ಒಂದೇ ಅಳತೆ. ಮಾಸ್ಟರು ಅದನ್ನು ತಾವೇ ತೊಟ್ಟು, ಹೊರಗೆ ಬಂದು, ಒಂದು ಕೈಯಲ್ಲಿ ಗೋಡೆ ಹಿಡಿದು ಸೈಕಲ್ಲಿನ ಮೇಲೆ ಕುಳಿತರು. ಸುಖವಾಗಿತ್ತು. ಅದೇ ಹೊತ್ತಿಗೆ ಷಡ್ಡಕರ ಕಾರು ಬಂದು ಎದುರಿಗೆ ನಿಂತಿತು.

"ಏನಯ್ಯಾ ಇದು ವೇಷ?" ಷಡ್ಡಕರು ಕಿಟಕಿಯ ಗಾಜು ಇಳಿಸಿ ಕೇಳಿದರು.

ಟ್ರಯಲ್ ನೋಡುತ್ತಿದ್ದೇನೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಾರಿನೊಳಗೆ ಕೂತವರು ಗೋಡೆ ಹಿಡಿದು ಕೂತವರನ್ನು ನೋಡಿ 'ವೇಷ' ಎಂದದ್ದು ಮಾಸ್ಟರಿಗೆ ಚುಚ್ಚಿತು.

"ನದಿ ಕಡೆ ಹೊರಟಿದ್ದೆ ಅಣ್ಣ. ಭಾನುವಾರ ಭಾನುವಾರ ಹೋಗ್ತೀನಲ್ಲ."

"ಇವತ್ತು ಬುಧವಾರ."

"ಬುಧವಾರಾನೂ ಹೋಗ್ತೀನಿ."

"ಅಲ್ಲೇನಿದೆ?"

"ಏನಿಲ್ಲ ಹೇಳಿ. ಕಾವಲು ಗೋಪುರ ಇದೆ. ಕಲ್ಲು ಸೇತುವೆ ಇದೆ. ಜಲ್ಲಿ ಮೇಲೆ ಸೈಕಲ್ ಹೊಡೆಯೋದು ಅಂದ್ರೆ ಎಲ್ಲರ ಕೈಲೂ ಆಗಲ್ಲ ಅಣ್ಣ. ಅದಕ್ಕೇ ಈ ಚಡ್ಡಿ."

ಷಡ್ಡಕರು ಚಡ್ಡಿಯನ್ನು ಒಮ್ಮೆ, ಮಾಸ್ಟರನ್ನು ಒಮ್ಮೆ ನೋಡಿ, "ಹೋಗಿ ಬಾ ಹಾಗಾದ್ರೆ," ಎಂದು ಕಾರು ನಿಲ್ಲಿಸಿಕೊಂಡೇ ಕಾದರು. ಮಾಸ್ಟರು "ಗಾಳಿ ನೋಡ್ಕೊಂಡು ಹೋಗ್ಬೇಕು ಅಣ್ಣ" ಎಂದು ಆಕಾಶ ನೋಡುತ್ತಾ ಕುಳಿತರು. ಷಡ್ಡಕರು ಹೋಗುವ ತನಕ ಗಾಳಿ ಸರಿಯಾಗಲಿಲ್ಲ.

ಈ ಮಾತೆಲ್ಲ ಕೇಳಿಸಿಕೊಂಡವರು ಪಕ್ಕದ ಔಷಧಿ ಅಂಗಡಿಯವರು. ಅವರ ಕಿವಿಗೆ ಬಿದ್ದದ್ದು ಬಾಯಿಂದ ಹೊರಬರುವಾಗ ಒಂದಕ್ಕೆರಡಾಗಿರುತ್ತಿತ್ತು. ಅಂದು ಸಂಜೆ ಅವರು ಮಾತ್ರೆಯ ಜೊತೆಗೆ ಸುದ್ದಿಯನ್ನೂ ಕಟ್ಟಿಕೊಟ್ಟರು. "ಊಟ ಆದ್ಮೇಲೆ ಒಂದು, ಮಲಗುವಾಗ ಒಂದು. ಅಂದ ಹಾಗೆ ಗೊತ್ತಾಯ್ತಾ, ನಮ್ಮ ಮಾಸ್ಟರು ವಾರಕ್ಕೆ ನಾಲ್ಕು ಸಲ ಕಣಿವೆ ಸುತ್ತಿ ಬರ್ತಾರಂತೆ. ಕಣ್ಣು ಮುಚ್ಚಿ ಹೋಗ್ತಾರಂತೆ, ಅಷ್ಟು ರೂಢಿ." ಕೆಮ್ಮಿನ ಔಷಧಿಗೆ ಬಂದವರೂ ಕೆಮ್ಮು ಮರೆತು ಬಾಯಿ ತೆರೆದರು.

"ನೀವು ನದಿಗೆ ಹೋಗೋದು ಯಾವಾಗ್ರೀ? ನಾನು ಇಲ್ಲೇ ಇರ್ತೀನಲ್ಲ," ಎಂದಳು ಹೆಂಡತಿ.

"ಭಾವನ ಮುಂದೆ ಏನೋ ಬಾಯಿಗೆ ಬಂತು ಕಣೇ."

"ಬಾಯಿಗೆ ಬಂದಿದ್ದು ಕಾಲಿಗೂ ಬರಬೇಕಲ್ಲ."

ಅದು ಕಾಲಿನ ತನಕ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಮರುವಾರವೇ ಪುರಸಭೆಯ ಪ್ರವಾಸ ಅಧಿಕಾರಿ ಮೇಡಂ ಅಂಗಡಿಯ ಎರಡು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ. ಅವರಿಗೆ ತಲೆನೋವಿನ ಮಾತ್ರೆ ಬೇಕಾಗಿ ಔಷಧಿ ಅಂಗಡಿಗೆ ಹೋಗಿದ್ದರಂತೆ. ಇಷ್ಟು ಹೇಳಿದರೆ ಮುಂದಿನದು ಯಾರಿಗಾದರೂ ತಿಳಿಯುತ್ತದೆ.

"ಕಣಿವೆಯಲ್ಲಿ ನಾವು ಜಲ್ಲಿ ದಾರಿ ಸೈಕಲ್ ಯಾನ ಶುರು ಮಾಡ್ತಾ ಇದ್ದೀವಿ ಮಾಸ್ಟರ್. ಬೇರೆ ಬೇರೆ ಊರಿಂದ ಜನ ಬರ್ತಾರೆ. ಊರಿನ ರಸ್ತೆ ಗಿರಣಿ ತನಕ. ಅಲ್ಲಿ ದಾರಿ ಎರಡಾಗತ್ತೆ. ನಮ್ಮದು ಬಲದಂಡೆ. ಕಡಿ ಹಾಕಿಸಿ ರೋಲರ್ ಹೊಡೆಸಿದ್ದೀನಿ, ಕಾವಲು ಗೋಪುರಕ್ಕೆ ಸುಣ್ಣ ಬಳಿಸಿದ್ದೀನಿ. ಕೊನೆಗೆ ಕಲ್ಲು ಸೇತುವೆ, ಅಲ್ಲಿ ಊಟ. ಎಲ್ಲರಿಗೂ ಒಂದೇ ಥರ ಅಂಗಿ ಬೇಕು. ಬೆನ್ನ ಮೇಲೆ ಈ ನಕ್ಷೆ ಇರಬೇಕು."

"ಬೆನ್ನ ಮೇಲೆ ಯಾಕೆ ಮೇಡಂ?"

"ಹಿಂದೆ ಬರೋರು ಮುಂದಿನವರ ಬೆನ್ನು ನೋಡ್ಕೊಂಡು ಬರ್ತಾರೆ. ದಾರಿ ತಪ್ಪೋ ಪ್ರಶ್ನೆನೇ ಇಲ್ಲ. ಇದು ನನ್ನದೇ ಯೋಚನೆ."

"ಎಲ್ಲರಿಗಿಂತ ಮುಂದಿರೋರು ಏನು ನೋಡ್ಬೇಕು?"

"ಎಲ್ಲರಿಗಿಂತ ಮುಂದೆ ನೀವಿರ್ತೀರಲ್ಲ," ಎಂದು ಮೇಡಂ ನಕ್ಕರು.

ಮಾಸ್ಟರಿಗೆ ನಗು ಬರಲಿಲ್ಲ. ಆದರೆ ಅಷ್ಟು ಅಂಗಿಗಳ ಕೆಲಸ ಒಟ್ಟಿಗೆ ಅಂಗಡಿಗೆ ಬಂದು ವರ್ಷಗಳೇ ಆಗಿದ್ದವು. ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಅದೂ ಅಲ್ಲದೆ, ಸುದ್ದಿ ತಿಳಿದ ಷಡ್ಡಕರು ಆ ಹೊತ್ತಿಗೆ ಸರಿಯಾಗಿ ಬಂದು, ಮೇಡಂಗೆ ನಮಸ್ಕಾರ ಮಾಡಿ, "ಇವನಿಗ್ಯಾಕೆ ತೊಂದರೆ ಮೇಡಂ, ನಾನು ಎರಡು ದಿನದಲ್ಲಿ ಪ್ರಿಂಟ್ ಹಾಕಿಸಿ ತರಿಸ್ತೀನಿ," ಎಂದುಬಿಟ್ಟರು. ಮಾಸ್ಟರ ಬಾಯಿಂದ "ನಾನು ಹೊಲೀತೀನಿ, ಮುಂದೇನೂ ನಾನೇ ಹೋಗ್ತೀನಿ" ಎಂಬ ಮಾತು ಅದರ ಪಾಡಿಗೆ ಅದು ಬಂತು.

ಮೇಡಂ ನ್ಯಾಯವಂತರು. "ಈ ಸಲ ಮಾಸ್ಟರು ಹೊಲೀಲಿ. ಯಾನ ಚೆನ್ನಾಗಿ ನಡೆದರೆ ತಿಂಗಳು ತಿಂಗಳೂ ನಡೆಸ್ತೀವಿ, ಅಂಗಿಯೆಲ್ಲ ಇಲ್ಲಿಗೇ. ಏನಾದ್ರೂ ಎಡವಟ್ಟಾದರೆ ಆಮೇಲಿಂದ ನಿಮ್ಮ ಅಂಗಡಿಗೆ," ಎಂದರು.

"ಆಗಲಿ," ಎಂದರು ಷಡ್ಡಕರು. ಮೇಡಂ ಮೆಟ್ಟಿಲಿಳಿದ ಮೇಲೆ ಮಾಸ್ಟರ ಹೆಗಲ ಮೇಲೆ ಕೈ ಹಾಕಿದರು. "ನೋಡಯ್ಯಾ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ಇದು ಕೆಟ್ಟರೆ ಮತ್ತೆ ಯೋಚನೆ ಮಾಡ್ತೀನಿ ಅನ್ನಬೇಡ. ಒಂದನೇ ತಾರೀಕು ಬಂದು ಕೂತ್ಕೋ. ಸ್ಟೂಲ್ ಆಗಲೇ ಹಾಕಿಸಿಬಿಟ್ಟಿದ್ದೀನಿ."

ಮಾಸ್ಟರು ಹೆಂಡತಿಯ ಮುಖ ನೋಡಿದರು. ಅವಳು ಭಾವನ ಮುಖ ನೋಡಿ, "ಕೆಟ್ಟರೆ ಬರ್ತಾರೆ ಭಾವ. ಕೆಡದಿದ್ದರೆ?" ಎಂದಳು. ಷಡ್ಡಕರು ಮೆಟ್ಟಿಲಿಳಿದು ಕಾರು ಹತ್ತಿದರು.

ಇಲ್ಲಿ ಸ್ವಲ್ಪ ನಿಂತು ದರ್ಜಿ ಕೆಲಸದ ಒಂದು ವಿಚಾರ ಹೇಳಬೇಕು. ಕೆಲಸ ಬಲ್ಲ ದರ್ಜಿ ಬಟ್ಟೆಯ ಹೊರಮಗ್ಗುಲಿಗೆ ಗುರುತು ಹಾಕುವುದಿಲ್ಲ. ಸೀಮೆಸುಣ್ಣ ತಾಗಿಸುವುದೆಲ್ಲ ಒಳಮಗ್ಗುಲಿಗೆ, ಅಂಗಿ ತೊಟ್ಟಾಗ ಮೈಗೆ ತಾಗುವ ಕಡೆಗೆ. ಮಾಸ್ಟರ ಕೈಗೆ ಇದು ಉಸಿರಾಟದಷ್ಟು ಸಹಜವಾಗಿತ್ತು. ನಕ್ಷೆಯನ್ನೂ ಅವರು ಬೆನ್ನಿನ ಬಟ್ಟೆಯ ಒಳಮಗ್ಗುಲಿಗೆ ಹಾಸಿದರು. ನದಿಯ ಗೆರೆ, ದಾರಿಯ ಗೆರೆ ಎರಡನ್ನೂ ಸೂಜಿಯಿಂದ ಚುಚ್ಚಿ ಚುಚ್ಚಿ ಗುರುತು ಮಾಡಿದರು. ಆಮೇಲೆ ಬಟ್ಟೆ ಮಗುಚಿ, ಹೊರಗೆ ಕಂಡ ಗುರುತಿನ ಮೇಲೆ ನದಿಗೆ ನೀಲಿ ದಾರ, ದಾರಿಗೆ ಕೆಂಪು ದಾರ ಹಾಕಿ ಹೊಲಿದರು. ಬಟ್ಟೆ ಮಗುಚಿದರೆ ಬಲ ಎಡವಾಗುತ್ತದೆ. ತೋಳು ಹೊಲಿಯುವಾಗ ಈ ಲೆಕ್ಕ ಅವರಿಗೆ ಒಮ್ಮೆಯೂ ತಪ್ಪಿರಲಿಲ್ಲ. ಆದರೆ ನದಿಯನ್ನು ಅವರು ಹಿಂದೆಂದೂ ಹೊಲಿದಿರಲಿಲ್ಲ.

ಹೆಂಡತಿ ಗುಂಡಿ ಹಚ್ಚಲು ಮೊದಲ ಅಂಗಿ ಎತ್ತಿಕೊಂಡವಳು ತಿರುಗಿಸಿ ಮುರುಗಿಸಿ ನೋಡಿದಳು. "ರೀ, ಮೇಡಂ ತಂದ ಕಾಗದದಲ್ಲಿ ದಾರಿ ನದಿಯ ಬಲಗಡೆ ಇತ್ತಲ್ವಾ? ಇಲ್ಲಿ ಎಡಗಡೆ ಬಂದಿದೆ."

"ಇದು ಬೆನ್ನು ಕಣೇ. ಮನುಷ್ಯ ಬೆನ್ನು ತಿರುಗಿಸಿ ನಿಂತರೆ ಎಡ ಬಲ ಅದಲು ಬದಲಾಗಲ್ವಾ?"

ಹೆಂಡತಿ ಕನ್ನಡಿಯ ಎದುರು ನಿಂತು ಕೈ ಎತ್ತಿದಳು. ಬೆನ್ನು ತಿರುಗಿಸಿ ನಿಂತು ಇನ್ನೊಂದು ಕೈ ಎತ್ತಿದಳು. ಗಂಡನನ್ನು ತಿರುಗಿಸಿ ನಿಲ್ಲಿಸಿ ಅವರ ಕೈಯನ್ನೂ ಎತ್ತಿಸಿದಳು. ಇಬ್ಬರೂ ಅಂಗಡಿಯ ನಡುವೆ ಕೈ ಎತ್ತಿಕೊಂಡು ಸುತ್ತು ಹಾಕುವುದನ್ನು ಔಷಧಿ ಅಂಗಡಿಯವರು ನೋಡಿ, ಮಾಸ್ಟರು ಯಾನಕ್ಕೆ ವ್ಯಾಯಾಮ ಶುರು ಮಾಡಿದ್ದಾರೆ ಎಂದು ಊರಿಗೆಲ್ಲ ಹೇಳಿದರು.

"ಹೌದು ಬಿಡಿ, ನೀವು ಹೇಳಿದ್ದೇ ಸರಿ," ಎಂದಳು ಹೆಂಡತಿ, ತಲೆ ತಿರುಗಿ ಕುಳಿತುಕೊಳ್ಳುತ್ತಾ. ಗಂಡ ಹೇಳಿದ್ದನ್ನು ಅವಳು ಒಪ್ಪಿಕೊಳ್ಳುವುದೇ ಅಪರೂಪ. ಒಪ್ಪಿಕೊಂಡ ಆ ಒಂದು ಸಲವೇ ಹೀಗಾಗಬೇಕೇ?

ಯಾನದ ದಿನ ಮಾಸ್ಟರು ಒಂದು ಉಪಾಯ ಮಾಡಿಕೊಂಡೇ ಹೋದರು. ಊರು ದಾಟುತ್ತಲೇ ಕಾಲು ಹಿಡಿದುಕೊಂಡಿತು ಎನ್ನುವುದು, ಯಾವುದಾದರೂ ಮರಕ್ಕೆ ಒರಗುವುದು, ಉಳಿದವರನ್ನು ಬೆನ್ನಿನ ನಕ್ಷೆಯ ಭರವಸೆಯ ಮೇಲೆ ಮುಂದೆ ಕಳಿಸುವುದು. ಉಪಾಯದಲ್ಲಿ ಒಂದೇ ಕೊರತೆ ಇತ್ತು. ಊರು ದಾಟಿದ ಕೂಡಲೇ ಇಳಿಜಾರು. ಪುರಸಭೆಯವರು ಕೊಟ್ಟ ಹೊಸ ಸೈಕಲ್ಲು ಇಳಿಜಾರಿನಲ್ಲಿ ಎಷ್ಟು ಚೆನ್ನಾಗಿ ಓಡಿತೆಂದರೆ, ಮರಗಳು ಎರಡೂ ಕಡೆಯಿಂದ ಬಂದು ಬಂದು ಹೋದವು, ಮಾಸ್ಟರ ಕೈಗೆ ಒಂದೂ ಸಿಗಲಿಲ್ಲ.

"ನೋಡಿ ನೋಡಿ, ಬ್ರೇಕೇ ಹಿಡೀತಿಲ್ಲ ಅವರು," ಎಂದು ಹಿಂದಿನಿಂದ ಔಷಧಿ ಅಂಗಡಿಯವರು ಎಲ್ಲರಿಗೂ ಕೇಳುವಂತೆ ಕೂಗಿದರು. ಅವರೂ ಒಂದು ಅಂಗಿ ತೊಟ್ಟು, ಬಾಡಿಗೆ ಸೈಕಲ್ಲು ಹಿಡಿದು ಹೊರಟಿದ್ದರು. ಬ್ರೇಕು ಎಲ್ಲಿದೆ ಎಂದು ಮಾಸ್ಟರಿಗೆ ತಿಳಿದಿರಲಿಲ್ಲ ಎಂಬುದು ಅವರಿಗೆ ತಿಳಿದಿರಲಿಲ್ಲ.

ಇಳಿಜಾರು ಮುಗಿದಲ್ಲಿ ಗಿರಣಿ ಕಂಡಿತು. ಗೋಡೆಗಳ ಮೇಲೆ ಬಳ್ಳಿ ಹಬ್ಬಿ, ಚಕ್ರ ಕೊಳೆತು, ನೀರು ಮಾತ್ರ ಹಳೆಯ ಕಾಲದಂತೆಯೇ ಸದ್ದು ಮಾಡುತ್ತಿತ್ತು. ದಾರಿ ಎರಡಾಯಿತು. ಬಲಕ್ಕೆ ರೋಲರ್ ಹೊಡೆದ ಬಿಳಿ ಕಡಿಯ ರಸ್ತೆ, ಎಡಕ್ಕೆ ಗಿರಣಿಯ ಕಟ್ಟೆ ದಾಟಿ ಆಚೆ ದಂಡೆಗೆ ಹೋಗುವ ಗುಂಡುಕಲ್ಲಿನ ಗಾಡಿದಾರಿ. ಮಾಸ್ಟರು ಗಿರಣಿಯ ಗೋಡೆ ಹಿಡಿದು ನಿಂತು ಉಸಿರು ಬಿಟ್ಟರು. ಬಲಕ್ಕೋ ಎಡಕ್ಕೋ ಎಂಬುದು ಆ ಇಳಿಜಾರಿನಲ್ಲಿ ಅವರ ತಲೆಯಿಂದ ಹಾರಿಹೋಗಿತ್ತು.

"ಡಾಕ್ಟರಮ್ಮ, ನೀವೊಂದು ನಾಲ್ಕು ಹೆಜ್ಜೆ ಮುಂದೆ ನಡೀರಿ," ಎಂದರು, ಹಿಂದೆ ಬಂದ ಹಲ್ಲಿನ ಡಾಕ್ಟರಮ್ಮನಿಗೆ. ಅವರು ಬೇರೆ ಊರಿನಿಂದ ಬಂದವರು, ಇಂಥ ದಾರಿಗಳಲ್ಲಿ ಪಳಗಿದವರು. ಅವರು ಮುಂದೆ ಹೋದಾಗ ಮಾಸ್ಟರು ಅವರ ಬೆನ್ನು ನೋಡಿದರು. ಕೆಂಪು ದಾರ ಎಡಕ್ಕೆ ಹೋಗಿತ್ತು.

"ಎಡಕ್ಕೆ," ಎಂದರು ಮಾಸ್ಟರು.

"ಬಾಣದ ಗುರುತಿನ ಬೋರ್ಡು ಬಲಕ್ಕೆ ಇದೆಯಲ್ಲ," ಎಂದರು ಡಾಕ್ಟರಮ್ಮ.

ಎಲ್ಲರೂ ಬೋರ್ಡು ನೋಡಿದರು. ಎಲ್ಲರೂ ಮುಂದಿನವರ ಬೆನ್ನು ನೋಡಿದರು. ಬೆನ್ನುಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು. ಔಷಧಿ ಅಂಗಡಿಯವರು ತೀರ್ಪು ಕೊಟ್ಟರು. "ಬೋರ್ಡನ್ನ ಯಾರೋ ತಿರುಗಿಸಿದ್ದಾರೆ. ಒಂದು ಬೋರ್ಡು ತಪ್ಪಬಹುದು, ಇಷ್ಟು ಜನರ ಬೆನ್ನು ತಪ್ಪತ್ತಾ?"

ಬಹುಮತ ಎಂದರೆ ಬಹುಮತ. ಯಾನ ಎಡಕ್ಕೆ ತಿರುಗಿತು.

ಆ ದಾರಿಗೆ ಯಾವ ರೋಲರೂ ಬಂದಿರಲಿಲ್ಲ. ನದಿಯೇ ತಂದು ಸುರಿದ ಗುಂಡುಕಲ್ಲುಗಳು ಚಕ್ರದ ಕೆಳಗೆ ಕಟಕಟ ಎಂದವು. ಬಂಡೆಯ ಮೇಲೆ ಹಾದಿ ಬಂದಾಗ ಡಾಕ್ಟರಮ್ಮ ಸೈಕಲ್ಲು ನಿಲ್ಲಿಸಿ ಕೆಳಗೆ ಬಗ್ಗಿದರು. ಗಾಡಿಚಕ್ರಗಳು ಉಜ್ಜಿ ಉಜ್ಜಿ ಕಲ್ಲಿನಲ್ಲಿ ಎರಡು ಆಳದ ಗೆರೆ ಕೊರೆದಿದ್ದವು. ರಾಜರೋ ವ್ಯಾಪಾರಿಗಳೋ, ಎಷ್ಟು ತಲೆಮಾರು ಓಡಾಡಿದ್ದರೋ. ದಾರಿ ಬದಿಯ ಮೈಲಿಗಲ್ಲಿನ ಅಕ್ಷರ ಯಾರಿಗೂ ಓದಲು ಬರಲಿಲ್ಲ. ಎಲ್ಲರೂ ಅದನ್ನು ಕೈಯಿಂದ ಸವರಿ ಸವರಿ ಮುಂದೆ ಹೋದರು. ಮಾಸ್ಟರಿಗೂ ಖುಷಿಯಾಯಿತು. ತಾವು ಹೇಳಿದ ಸುಳ್ಳು ಇಷ್ಟು ಚೆನ್ನಾಗಿದೆ ಎಂದು ಅವರಿಗೆ ತಿಳಿದಿರಲಿಲ್ಲ. ತಂಪು ಗಾಳಿ ಮುಖಕ್ಕೆ ಬಡಿಯಿತು, ನೀರಿನ ಮೇಲೆ ಬಿಸಿಲು ಹೊಳೆಯಿತು, ಅವರು ಬಲಗಡೆ ತಿರುಗಿ ನದಿ ನೋಡಿದರು.

ನದಿ ಬಲಗಡೆ ಇತ್ತು.

'ಉದ್ದಕ್ಕೂ ನದಿ ನಿಮ್ಮ ಎಡಗೈಗೆ ಇರತ್ತೆ ಮಾಸ್ಟರ್' ಎಂದು ಮೇಡಂ ಹೇಳಿದ್ದರು. ಮಾಸ್ಟರಿಗೆ ಬಟ್ಟೆ ನೆನಪಾಯಿತು, ಸೂಜಿ ನೆನಪಾಯಿತು, ಕೈ ಎತ್ತಿಕೊಂಡು ಸುತ್ತಿದ್ದು ನೆನಪಾಯಿತು. "ಅಯ್ಯೋ, ಒಳಮಗ್ಗುಲು," ಎಂದರು. ಎದುರಿಗೊಂದು ಹುಲ್ಲಿನ ಬಣವೆ ಬಂತು. ಅವರು ಅದರೊಳಕ್ಕೆ ಇಳಿದರು.

ಬಣವೆ ಒಂದು ಹಳೆಯ ಕಲ್ಲು ಮನೆಯದು. ಹಿಂದೆ ಅಲ್ಲಿ ದಾರಿಹೋಕರಿಂದ ಸುಂಕ ವಸೂಲು ಮಾಡುತ್ತಿದ್ದರಂತೆ. ಈಗ ಒಬ್ಬ ಅಜ್ಜಿ ಎರಡು ಹಸು ಕಟ್ಟಿಕೊಂಡು ಇದ್ದಳು. ಹುಲ್ಲಿನಿಂದ ಎರಡು ಕಾಲು ಹೊರಗಿರುವುದನ್ನೂ, ಅದರ ಹಿಂದೆ ಒಂದೇ ಬಣ್ಣದ ಅಂಗಿ ತೊಟ್ಟ ದಂಡು ಬರುವುದನ್ನೂ ನೋಡಿ ಅವಳು ಬಾಗಿಲಿಗೆ ಬಂದಳು.

ಮಾಸ್ಟರನ್ನು ಎಳೆದು ಹೊರತೆಗೆದವರು ಔಷಧಿ ಅಂಗಡಿಯವರು. ಕೂದಲಲ್ಲೆಲ್ಲ ಹುಲ್ಲು ಸಿಕ್ಕಿಸಿಕೊಂಡೇ ಮಾಸ್ಟರು ಅವರ ಕೈ ಹಿಡಿದರು. "ತಪ್ಪಾಗಿಹೋಯ್ತು. ನಕ್ಷೆ ಉಲ್ಟಾ ಹೊಲಿದಿದ್ದೀನಿ. ಇದು ಬೇರೆ ದಾರಿ. ನಾನು ಹುಟ್ಟಿದ್ಮೇಲೆ ಈ ಕಡೆ ಬಂದೇ ಇಲ್ಲ. ದಯವಿಟ್ಟು ಎಲ್ಲರಿಗೂ ಹೇಳಿಬಿಡಿ, ನನ್ನ ಬಾಯಲ್ಲಿ ಬರ್ತಿಲ್ಲ."

ಔಷಧಿ ಅಂಗಡಿಯವರು ಒಂದು ಕಲ್ಲಿನ ಮೇಲೆ ಹತ್ತಿ ನಿಂತರು. "ಕೇಳಿ ಎಲ್ಲರೂ. ಮಾಸ್ಟರು ಹೇಳ್ತಾ ಇದ್ದಾರೆ, ಇದು ಬೇರೆಯೇ ದಾರಿಯಂತೆ. ಈ ಕಾಲದಲ್ಲಿ ಯಾರೂ ಈ ಕಡೆ ಬಂದೇ ಇಲ್ಲವಂತೆ. ನಮಗೋಸ್ಕರ ಹುಡುಕಿದ್ದಾರೆ. ಹೇಳೋಕೆ ಅವರಿಗೆ ಬಾಯೇ ಬರ್ತಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ಟರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಅದನ್ನು ಜನ ಆಯಾಸ ಎಂದುಕೊಂಡರು.

"ನಿಲ್ಲಿ," ಎಂದಳು ಅಜ್ಜಿ. "ಇದು ಸುಂಕದ ಮನೆ. ಸುಂಕ ಕೊಡದೆ ಇಲ್ಲಿಂದ ಮುಂದೆ ಯಾರೂ ಹೋಗೋ ಹಾಗಿಲ್ಲ."

"ಸುಂಕ ಎಷ್ಟಮ್ಮ?" ಎಂದರು ಡಾಕ್ಟರಮ್ಮ.

"ತಲೆಗೊಂದು ಲೋಟ ಹಾಲು ಕುಡೀಬೇಕು. ಹೊಸ ರಸ್ತೆ ಆದ್ಮೇಲೆ ಈ ದಾರೀಲಿ ಬಂದು ನನ್ನ ಮಾತಾಡಿಸಿದವರಿಲ್ಲ. ಹಾಲು ಕುಡಿಯೋ ತನಕ ಮಾತಾಡಬೇಕು. ಅಷ್ಟೇ ಸುಂಕ."

ಲೋಟ ಇದ್ದದ್ದು ನಾಲ್ಕೇ. ತೊಳೆದು ತೊಳೆದು ಕುಡಿದರು. ಕುಡಿಯುವಾಗ ಅಜ್ಜಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಡಾಕ್ಟರಮ್ಮ ಅಜ್ಜಿಯ ಹಲ್ಲು ನೋಡಿ ಒಂದೂ ಹುಳುಕಿಲ್ಲವೆಂದು ಹೇಳಿದ್ದರಿಂದ ಅಜ್ಜಿ ಆಮೇಲೆ ನಗುತ್ತಲೇ ಇದ್ದಳು. "ಮುಂದಿನ ತಿಂಗಳು ಬರ್ತೀರಾ?" ಎಂದು ಮಾಸ್ಟರನ್ನು ಕೇಳಿದಳು. ಮುಂದಿನ ತಿಂಗಳು ತಾವು ಮೆಟ್ಟಿಲ ಕೆಳಗೆ ಕೂತಿರುತ್ತೇವೆ ಎಂದು ಮಾಸ್ಟರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಮುಖಕ್ಕೆ ಇಲ್ಲ ಎನ್ನಲಾಗಲಿಲ್ಲ. "ಈ ಜನ ಬರ್ತಾರಮ್ಮ," ಎಂದರು.

ಕಲ್ಲು ಸೇತುವೆಯ ಆಚೆ ತುದಿಯಲ್ಲಿ ಮೇಡಂ ಊಟದ ಮೇಜು ಹಾಕಿಸಿ, ಬಲದಂಡೆ ರಸ್ತೆಯ ಕಡೆಗೇ ಕಣ್ಣು ನೆಟ್ಟು ನಿಂತಿದ್ದರು. ಅವರ ಪಕ್ಕದಲ್ಲಿ ಷಡ್ಡಕರು ಪದೇ ಪದೇ ಗಡಿಯಾರ ನೋಡುತ್ತಿದ್ದರು. ಅವರ ಕಾರಿನಲ್ಲೇ ಬಂದ ಮಾಸ್ಟರ ಹೆಂಡತಿ ಯಾರ ಕಡೆಯೂ ನೋಡದೆ ಸೆರಗಿನ ತುದಿ ತಿರುವುತ್ತಿದ್ದಳು. ಊಟ ಆರಿತ್ತು. ರಸ್ತೆ ಖಾಲಿ ಇತ್ತು.

"ಒಬ್ಬನೂ ಕಾಣಿಸ್ತಿಲ್ಲ," ಎಂದರು ಮೇಡಂ.

"ನಾನು ಮೊದಲೇ ಹೇಳಿರಲಿಲ್ವಾ," ಎಂದರು ಷಡ್ಡಕರು.

ಅಷ್ಟರಲ್ಲಿ ಬೆನ್ನ ಹಿಂದೆ, ಯಾರೂ ಬರಬಾರದ ಕಡೆಯಿಂದ, ಸೇತುವೆಯ ಮೇಲೆ ಗಂಟೆಗಳ ಸದ್ದಾಯಿತು. ಎಲ್ಲರೂ ತಿರುಗಿ ನೋಡಿದರು. ಧೂಳು ಮೆತ್ತಿದ ಮುಖಗಳು, ಮೀಸೆಯ ಮೇಲೆ ಹಾಲಿನ ಕೆನೆ, ನಗು. ಎಲ್ಲಕ್ಕಿಂತ ಮುಂದೆ, ತಲೆಯ ತುಂಬ ಹುಲ್ಲಿದ್ದ ಮಾಸ್ಟರು ಬಂದು ಷಡ್ಡಕರ ಹೆಗಲನ್ನು ಹಿಡಿದು ನಿಂತರು.

"ಇದೇನು ಮಾಸ್ಟರ್?" ಮೇಡಂ ದನಿ ಏರಿತ್ತು. "ನಾನು ಕಡಿ ಹಾಕಿಸಿದ್ದು ಯಾರಿಗೆ? ಗೋಪುರಕ್ಕೆ ಸುಣ್ಣ ಬಳಿಸಿದ್ದು ಯಾರಿಗೆ? ಎಲ್ಲಿಂದ ಬಂದ್ರಿ ನೀವು?"

"ಹೋಗಲಿ ಬಿಡಿ ಮೇಡಂ," ಎಂದರು ಷಡ್ಡಕರು ಮೃದುವಾಗಿ. "ಮುಂದಿನ ಸಲ ಪ್ರಿಂಟ್ ಹಾಕಿಸೋಣ."

ಔಷಧಿ ಅಂಗಡಿಯವರು ಏನೋ ಹೇಳಲು ಬಾಯಿ ತೆರೆದರು. ಮಾಸ್ಟರು ಕೈ ಅಡ್ಡ ಹಿಡಿದರು. ಹೆಂಡತಿಯ ಮುಖ ಒಮ್ಮೆ ನೋಡಿದರು. ಆಮೇಲೆ ಎಲ್ಲರೂ ನೋಡುತ್ತಿರುವಂತೆ ಗುಂಡಿ ಬಿಚ್ಚಿ ಅಂಗಿ ತೆಗೆದರು. ಬನಿಯನ್ನಿನಲ್ಲಿ ಎರಡು ತೂತಿದ್ದವು.

"ಮೇಡಂ, ನಾನು ಯಾವತ್ತೂ ಕಣಿವೆಗೆ ಬಂದವನಲ್ಲ. ಅಣ್ಣನ ಮುಂದೆ ಜಂಬ ಕೊಚ್ಚಿದ್ದು. ನಂಗೆ ಸೈಕಲ್ ಇಳಿಯೋಕೂ ಬರಲ್ಲ. ಈ ನಕ್ಷೆನ ಒಳಮಗ್ಗುಲಿಗೆ ಗುರುತು ಹಾಕಿ ಹೊರಮಗ್ಗುಲಿಗೆ ಹೊಲಿದೆ, ಅದಕ್ಕೇ ಎಡ ಬಲ ಆಯ್ತು. ನೋಡಿ," ಎಂದು ಅಂಗಿಯ ಒಳಗನ್ನು ಹೊರಗೆ ಮಾಡಿ ಎತ್ತಿ ಹಿಡಿದರು. "ನೀವು ಕೊಟ್ಟ ದಾರಿ ಇದು. ಒಳಗಡೆ ಉಳಿದುಬಿಟ್ಟಿದೆ."

ಅಂಗಿಯ ಒಳಮಗ್ಗುಲಿನಲ್ಲಿ ನೀಲಿ ನದಿಯ ಬಲಕ್ಕೆ ಕೆಂಪು ದಾರಿ ಹೊರಗಿನಷ್ಟೇ ಚೊಕ್ಕವಾಗಿ ಇತ್ತು. ಒಳಗಿನ ಹೊಲಿಗೆ ಯಾರಿಗೂ ಕಾಣುವುದಿಲ್ಲವೆಂದು ಮಾಸ್ಟರು ಎಂದೂ ಒರಟಾಗಿ ಹೊಲಿದವರಲ್ಲ.

ಡಾಕ್ಟರಮ್ಮ ಹತ್ತಿರ ಬಂದು ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿದರು. "ಹೊರಗಡೆ ಬಂದ ದಾರಿ. ಒಳಗಡೆ ವಾಪಸ್ ಹೋಗೋ ದಾರಿ. ಬಂದ ದಾರೀಲೇ ವಾಪಸ್ ಹೋಗೋದು ನನಗೆ ಯಾವತ್ತೂ ಬೇಸರ. ಊಟ ಆದ್ಮೇಲೆ ಎಲ್ಲರೂ ಅಂಗಿ ತಿರುಗಿಸಿ ಹಾಕ್ಕೊಂಡ್ರೆ ಆಯ್ತಲ್ಲ?"

ಗಂಡಸರಲ್ಲಿ ಕೆಲವರು ಊಟದ ತನಕ ಕಾಯಲಿಲ್ಲ. ನೋಡುತ್ತಿದ್ದಂತೆ ಸೇತುವೆಯ ಮೇಲೆ ಬನಿಯನ್ನುಗಳ ಜಾತ್ರೆಯಾಯಿತು.

ಮೇಡಂ ಅಧಿಕಾರಿ. ಅಧಿಕಾರಿಗಳಿಗೆ ಅರ್ಥವಾಗುವುದು ತಡವಾದರೂ, ಅರ್ಥವಾದ ಮೇಲೆ ಅದು ಮೊದಲಿನಿಂದಲೂ ಅವರದೇ ಆಗಿರುತ್ತದೆ. "ಹೌದು," ಎಂದರು. "ಇದು ಸುತ್ತು ಮಾರ್ಗ. ಎಡದಂಡೆಯಲ್ಲಿ ಹೋಗಿ ಬಲದಂಡೆಯಲ್ಲಿ ಬರೋದು. ನಮ್ಮ ಯೋಜನೆಯಲ್ಲಿ ಇದು ಇದ್ದೇ ಇತ್ತು."

"ಇಲ್ಲ ಮೇಡಂ, ನಾನು ತಪ್ಪಾಗಿ..."

"ಎಂಥ ವಿನಯ ನೋಡಿ," ಎಂದರು ಔಷಧಿ ಅಂಗಡಿಯವರು. "ಸೈಕಲ್ ಇಳಿಯೋಕೂ ಬರಲ್ಲವಂತೆ." ಎಲ್ಲರೂ ನಕ್ಕರು. ಒಂದು ಸುಳ್ಳನ್ನು ಹದಿನೈದು ದಿನ ಒಬ್ಬರೂ ಸಂದೇಹಪಡದೆ ನಂಬಿದ್ದ ಊರು, ಬನಿಯನ್ನಿನಲ್ಲಿ ನಿಂತು ಹೇಳಿದ ನಿಜವನ್ನು ನಂಬಲು ಸುತರಾಂ ಒಪ್ಪಲಿಲ್ಲ.

ಮೇಡಂ ಷಡ್ಡಕರ ಕಡೆ ತಿರುಗಿದರು. "ನಿಮ್ಮ ಪ್ರಿಂಟಿನಲ್ಲಿ ಹೀಗೆ ಎರಡೂ ಕಡೆ ಬರತ್ತಾ?"

ಷಡ್ಡಕರು ವ್ಯಾಪಾರಿ, ಆದರೆ ಬಟ್ಟೆಯ ವಿಷಯದಲ್ಲಿ ಸುಳ್ಳು ಹೇಳುವವರಲ್ಲ. "ಇಲ್ಲ ಮೇಡಂ. ಪ್ರಿಂಟ್ ಹೊರಗಡೆ ಮಾತ್ರ. ಒಳಗಡೆ ಬರೀ ಬಿಳಿ," ಎಂದರು.

"ಹಾಗಾದ್ರೆ ಮುಂದಿನ ತಿಂಗಳದ್ದೂ ಮಾಸ್ಟರೇ ಹೊಲೀಲಿ."

ಮಾಸ್ಟರು ಅಂಗಿ ತೊಡುವುದನ್ನೂ ಮರೆತು ನಿಂತಿದ್ದರು. ಹೆಂಡತಿ ಬಂದು ಅವರ ಕೂದಲಿನಿಂದ ಹುಲ್ಲು ಆರಿಸತೊಡಗಿದಳು. "ಬಿಚ್ಚೋ ಹಾಗಿದ್ರೆ ಮೊದಲೇ ಹೇಳಬಾರದಾಗಿತ್ತಾ? ಒಳ್ಳೇ ಬನಿಯನ್ ತೆಗೆದಿಡ್ತಿದ್ದೆ," ಎಂದಳು. ಆಮೇಲೆ ಅವರಿಗೆ ಮಾತ್ರ ಕೇಳುವಂತೆ, "ನಾನು ನಂಬ್ತೀನ್ರೀ, ಅದು ತಪ್ಪೇ ಅಂತ. ಇಷ್ಟು ಜನರ ಮುಂದೆ ಭಾವನ ಎದುರಿಗೆ ನಿಜ ಹೇಳಿದ್ರಲ್ಲ, ನಂಗೆ ಅಷ್ಟು ಸಾಕು," ಎಂದಳು. ಮಾಸ್ಟರು ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟುಕೊಂಡರು.

ಒಂದನೇ ತಾರೀಕು ಬಂತು. ಬೆಳಿಗ್ಗೆ ಷಡ್ಡಕರ ಕಾರು ಮಾಸ್ಟರ ಅಂಗಡಿಯ ಮುಂದೆ ನಿಂತಿತು. ಕಾರಿನಿಂದ ಇಳಿದವರು ಎರಡು ಮೆಟ್ಟಿಲು ಹತ್ತಿ ಬಂದರು. ಮಾಸ್ಟರು ಟೇಪು ಕೊರಳಿಗೆ ಹಾಕಿಕೊಂಡು ಡಾಕ್ಟರಮ್ಮನ ಊರಿನಿಂದ ಬಂದಿದ್ದ ಇಬ್ಬರ ಅಳತೆ ತೆಗೆಯುತ್ತಿದ್ದರು. ಮೇಜಿನ ಮೇಲೆ ಕತ್ತರಿಸಿದ ಬೆನ್ನುಗಳ ರಾಶಿ ಬಿದ್ದಿತ್ತು.

"ಅಂಗಡಿಗೆ ಬಂದವರೆಲ್ಲ ಆ ಎರಡು ಮಗ್ಗುಲಿನ ಅಂಗೀನೇ ಕೇಳ್ತಾರಯ್ಯಾ," ಎಂದರು ಷಡ್ಡಕರು, ಬೇರೆ ಎತ್ತಲೋ ನೋಡುತ್ತಾ. "ಒಂದಷ್ಟು ನಮ್ಮಲ್ಲಿಗೂ ಹೊಲಿದು ಕೊಡ್ತೀಯಾ ಅಂತ ಕೇಳೋಣ ಅಂತ ಬಂದೆ. ನಿನ್ನ ಹೆಸರಲ್ಲೇ ಮಾರ್ತೀನಿ."

"ಕೂತ್ಕೊಳ್ಳಿ ಅಣ್ಣ. ಇವರಿಬ್ಬರದು ಮುಗಿಸಿ ಬಂದೆ," ಎಂದರು ಮಾಸ್ಟರು, ಬಾಯಲ್ಲಿ ಸೂಜಿ ಹಿಡಿದುಕೊಂಡೇ.

ಷಡ್ಡಕರು ಗಿರಾಕಿಗಳ ಬೆಂಚಿನ ತುದಿಯಲ್ಲಿ ಕುಳಿತರು. ಇಬ್ಬರದು ಮುಗಿಯುವಷ್ಟರಲ್ಲಿ ಮೂರನೆಯವರು ಬಂದರು, ಅವರ ಹಿಂದೆ ಔಷಧಿ ಅಂಗಡಿಯವರು ತಮ್ಮ ಚಡ್ಡಿಯ ಅಳತೆ ಕೊಡಲು ಬಂದರು. ಷಡ್ಡಕರು ಬೆಂಚಿನ ಮೇಲೆ ಸರಿದು ಸರಿದು ಜಾಗ ಮಾಡಿಕೊಟ್ಟರು. ಅವರು ಎದ್ದು ಹೋಗಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ.

ಬಾಗಿಲ ಬಳಿ ಕುಳಿತಿದ್ದ ಮಾಸ್ಟರ ಹೆಂಡತಿ ಅವರನ್ನು ಸ್ವಲ್ಪ ಹೊತ್ತು ನೋಡಿದಳು. ತನ್ನ ಮಡಿಲ ರಾಶಿಯಿಂದ ಒಂದು ಅಂಗಿ, ಒಂದು ಸೂಜಿ, ಹಿಡಿ ಗುಂಡಿ ತೆಗೆದು ಅವರ ಕೈಗೆ ಕೊಟ್ಟಳು.

"ಸುಮ್ನೆ ಕೂತಿದ್ದೀರಲ್ಲ ಭಾವ, ಇದಕ್ಕೆ ಗುಂಡಿ ಹಚ್ತಾ ಇರಿ. ನಿಮ್ಮ ಸರದಿ ಬಂದಾಗ ಕೂಗ್ತೀನಿ."

ಷಡ್ಡಕರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಬೆಳಕಿನ ಕಡೆ ತಿರುಗಿ ಕುಳಿತರು.